ಮೂಗಿಗೆ ಹತ್ತಿದ್ದು, ಕಿವಿಗೆ ಬಿದ್ದದ್ದು

ಡಿಸೆಂಬರ್ ಕೊನೆ, ಗಾಂಧಿ ಬಜಾರು. ಅವರೆಕಾಯಿ ರಾಶಿಯ ಮುಂದೆ ನಿಂತವರನ್ನು ನೋಡುತ್ತಿದ್ದೆ. ಬೆಲೆ ಕೇಳುವುದಕ್ಕೆ ಮೊದಲೇ ಕೈ ರಾಶಿಗೆ ಹೋಗುತ್ತದೆ. ಒಂದು ಕಾಯಿ ಎತ್ತಿ, ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ಹಿಡಿಯುತ್ತಾರೆ. ಆಮೇಲೆ ಒಂದೆರಡು ಕ್ಷಣ ಏನೂ ನಡೆಯುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಆದರೆ ಎದುರಿಗಿರುವ ವ್ಯಾಪಾರಿಯನ್ನು ನೋಡುತ್ತಿರುವುದಿಲ್ಲ. ವ್ಯಾಪಾರಿಗೂ ಇದು ಗೊತ್ತಿದ್ದಂತಿದೆ. ಅಷ್ಟು ಹೊತ್ತು ಅವನೂ ಸುಮ್ಮನಿರುತ್ತಾನೆ. ಗಿರಾಕಿ ವಾಪಸು ಬಂದಮೇಲೆ ಬೆಲೆ ಹೇಳುತ್ತಾನೆ, ಅದೂ ಹತ್ತು ರೂಪಾಯಿ ಏರಿಸಿ ಎಂದು ನನ್ನ ಗುಮಾನಿ.

ಇದನ್ನು ಬರೀ ಪರೀಕ್ಷೆ ಎನ್ನಲು ಮನಸ್ಸು ಬಾರದು. ಕಾಯಿ ಎಳೆಯದೋ ಬಲಿತದ್ದೋ ಎಂಬುದು ಒತ್ತಿದರೆ ತಿಳಿಯುತ್ತದೆ. ಹುಳುಕು ಕಣ್ಣಿಗೇ ಕಾಣುತ್ತದೆ. ಮೂಸುವುದು ಸೊಗಡಿಗೆ. ಸೊಗಡು ಇದೆಯೋ ಇಲ್ಲವೋ ಎಂಬುದು ಮೂಗು ತಗುಲಿದ ಕೂಡಲೇ ಗೊತ್ತಾಗುವಂಥದ್ದು. ಗೊತ್ತಾದ ಮೇಲೂ ಕಾಯಿ ಮೂಗಿನ ಹತ್ತಿರವೇ ಯಾಕಿರುತ್ತದೆ?

ಸಿಪ್ಪೆಯ ಮೇಲೆ ಎಣ್ಣೆಯಂಥ ಪಸೆಯಿದೆಯಲ್ಲ, ಸೊಗಡು ಇರುವುದು ಅದರಲ್ಲಿ. ರಸಾಯನದ ಲೆಕ್ಕದಲ್ಲಿ ಅವು ಕೆಲವು ಕೊಬ್ಬಿನಾಮ್ಲಗಳು. ಕಾಯಿ ಬಿಡಿಸಿದ ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಚಳಿ ಬಿದ್ದು ಇಬ್ಬನಿ ಸುರಿದರೆ ಸೊಗಡು ಏರುತ್ತದೆ ಎನ್ನುತ್ತಾರೆ ಬೆಳೆಯುವವರು. ನಾಡ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಗಿಡ. ಹಾಗಾಗಿ ಸಂಕ್ರಾಂತಿಯ ಆಚೀಚೆ ಬಂದು ಹೋಗಿಬಿಡುತ್ತಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆಯ ಹೊಸ ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ಯಾವಾಗ ಬಿತ್ತಿದರೂ ಕಾಯಿ ಬಿಡುತ್ತವೆ. ಈಗ ಜುಲೈನಲ್ಲೂ ತರಕಾರಿ ಅಂಗಡಿಯಲ್ಲಿ ಅವರೆಕಾಯಿ ಇರುತ್ತದೆ. ಜುಲೈನಲ್ಲಿ ಅದನ್ನು ಮೂಸಿ ಮೈಮರೆತವರನ್ನು ನಾನು ನೋಡಿಲ್ಲ. ತೂಗಿಸಿಕೊಂಡು, ದುಡ್ಡು ಕೊಟ್ಟು, ಹೋಗುತ್ತಾರೆ.

ಸೊಗಡು ಕಮ್ಮಿ ಎಂಬುದೊಂದೇ ಕಾರಣವೆ? ಅಥವಾ ಹತ್ತು ತಿಂಗಳು ಕಣ್ಮರೆಯಾಗಿ ಬಂದದ್ದಕ್ಕೆ ಮಾತ್ರ ಆ ಮರ್ಯಾದೆಯೇ?

*

ಮಿದುಳಿನ ಬಗ್ಗೆ ಓದಿದ್ದು. ಕಣ್ಣು, ಕಿವಿ, ಚರ್ಮ ತರುವ ಸುದ್ದಿಯೆಲ್ಲ ಮೊದಲು ಥಾಲಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗಬೇಕು. ಮೂಗಿಗೆ ಮಾತ್ರ ಆ ಕಟ್ಟುಪಾಡಿಲ್ಲ. ಅದರ ನರಗಳು ಭಯ, ಹಿತ, ಹೇಸಿಗೆಗಳನ್ನು ನೋಡಿಕೊಳ್ಳುವ ಅಮಿಗ್ಡಲಾಕ್ಕೂ ನೆನಪು ಕಟ್ಟುವ ಹಿಪೊಕ್ಯಾಂಪಸ್‌ನ ನೆರೆಗೂ ಹೆಚ್ಚುಕಡಿಮೆ ನೇರವಾಗಿ ಹೋಗಿ ಮುಟ್ಟುತ್ತವೆ. ವಾಸನೆ ಹಿಡಿಯುವ ಗ್ರಾಹಕಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆಮಾಡಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯರಲ್ಲಿ ಸುಮಾರು 400 ಬಗೆಯವು ಕೆಲಸ ಮಾಡುತ್ತವಂತೆ. ಬಣ್ಣ ನೋಡಲು ಮೂರೇ ಬಗೆ ಸಾಕಾಗಿದೆ ನಮಗೆ.

ಇಷ್ಟು ಓದಿದವರು ‘ಅದಕ್ಕೇ ನೋಡಿ’ ಎಂದು ಪುಸ್ತಕ ಮುಚ್ಚುತ್ತಾರೆ. ನನ್ನ ಗೊಂದಲ ಶುರುವಾಗುವುದೇ ಅಲ್ಲಿ. ದಾರಿ ಅಷ್ಟು ಹತ್ತಿರದ್ದಾಗಿದ್ದರೆ ದಿನಾ ಬೆಳಿಗ್ಗೆ ಡಿಕಾಕ್ಷನ್ ಇಳಿಯುವಾಗ ನಾನು ಏಳು ವರ್ಷದ ಹುಡುಗನಾಗಬೇಕಿತ್ತು. ನಮ್ಮ ಮನೆಯಲ್ಲಿ ಆಗಲೂ ಕಾಫಿ ಇತ್ತು, ಅದೇ ಹಿತ್ತಾಳೆ ಫಿಲ್ಟರು, ಅದೇ ಚಿಕೋರಿ. ಆದರೆ ಕಾಫಿಯ ಘಮ ನನ್ನನ್ನು ಕಾಫಿಯ ಹತ್ತಿರಕ್ಕೆ ಮಾತ್ರ ಕರೆದುಕೊಂಡು ಹೋಗುತ್ತದೆ, ಅದಕ್ಕಿಂತ ಹಿಂದಕ್ಕೆ ಒಂದು ಹೆಜ್ಜೆಯೂ ಇಲ್ಲ. ಅದು ನನ್ನನ್ನು ಬಿಟ್ಟು ಹೋಗಿಯೇ ಇಲ್ಲವಲ್ಲ, ಎಲ್ಲಿಂದ ತಾನೆ ವಾಪಸು ಬರಬೇಕು?

ಸ್ವೀಡನ್ನಿನ ವಿಲಾಂಡರ್ ಮತ್ತು ಲಾರ್ಸನ್ 2006ರಲ್ಲಿ ಒಂದು ವಿಚಾರ ಬರೆದರು. ವಯಸ್ಸಾದವರಿಗೆ ಒಂದು ಪದ ಕೊಟ್ಟು ‘ಏನು ನೆನಪಾಗುತ್ತದೆ?’ ಎಂದರೆ ಹೆಚ್ಚಾಗಿ ಹರೆಯದ ದಿನಗಳನ್ನು ಹೇಳುತ್ತಾರೆ. ಚಿತ್ರ ತೋರಿಸಿದರೂ ಹಾಗೇ. ವಾಸನೆ ಕೊಟ್ಟು ಕೇಳಿದರೆ ಮಾತ್ರ ಹತ್ತು ವರ್ಷದೊಳಗಿನ ದಿನಗಳಿಗೆ ಹೋಗುತ್ತಾರೆ. ವಾಸನೆಯೊಂದು ಮೊದಲು ಯಾವುದಕ್ಕೆ ಅಂಟಿತೋ ಅದಕ್ಕೇ ಅಂಟಿಕೊಂಡಿರುತ್ತದೆ, ಆಮೇಲಿನವಕ್ಕೆ ಜಾಗ ಬಿಡುವುದಿಲ್ಲ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಆ ವಿವರಣೆಗೂ ನಮ್ಮ ಮನೆಯ ಕಾಫಿಗೂ ಕೂಡಿಬರುತ್ತಿಲ್ಲ.

*

ತಿಪಟೂರು ಕಡೆಯ ಹಳೆಯ ಮನೆಗಳಲ್ಲಿ ಅಟ್ಟ ಅಂದರೆ ಕೊಬ್ಬರಿ ಅಟ್ಟ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಮೇಲೆ ಹರಡಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ತನಕ ಬಿಡುತ್ತಾರೆ. ಕೆಳಗಿನ ಒಲೆಯ ಬಿಸಿ ಮತ್ತು ಹೊಗೆ ನಿಧಾನಕ್ಕೆ ಏರುತ್ತದೆ. ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪನ್ನು ಬಿಡುತ್ತದೆ. ಆಮೇಲೆ ಕಾಯಿ ಅಲ್ಲಾಡಿಸಿದರೆ ಒಳಗೆ ಗುಂಡು ಬಡಿದ ಸದ್ದು. ಆ ಸದ್ದೇ ಅಳತೆ. ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಮುಕ್ಕಾಗದಂತೆ ತೆಗೆಯಬೇಕು. ಊರ ಮಾರುಕಟ್ಟೆಯಿಂದ ಅದು ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿಯ ಮದುವೆ, ಪೂಜೆಗಳಿಗೆ ಇಡೀ ಉಂಡೆಯೇ ಆಗಬೇಕು.

ನಾನು ಆ ಕಡೆಯವನು. ಊರು ಬಿಟ್ಟು ಬಹಳ ಕಾಲವಾಗಿದೆ. ಬೆಂಗಳೂರಿನ ದಿನಸಿ ಅಂಗಡಿಯಲ್ಲಿ ಒಳ್ಳೆಯ ಕೊಬ್ಬರಿ ಕೊಳ್ಳುತ್ತಲೇ ಇದ್ದೇನೆ, ತುರಿದು ಚಟ್ನಿಪುಡಿಗೆ ಹಾಕುತ್ತಲೇ ಇದ್ದೇವೆ, ಏನೂ ಆಗಿಲ್ಲ. ಒಂದು ದಿನ ಅಂಗಡಿಯವನು ತಪ್ಪಿ ಬೇರೆ ಡಬ್ಬಿಯ ಮುಚ್ಚಳ ತೆಗೆದ. ಕೆಟ್ಟ ಕೊಬ್ಬರಿ, ಬಿಸಾಡಲು ಇಟ್ಟದ್ದು. ಕಮಟು ಹೊಡೆಯಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಡಬ್ಬಿಯನ್ನು ಸ್ವಲ್ಪ ಹಿಡಿದುಕೊಳ್ಳುತ್ತೇನೆ ಎಂದೆ. ಅಂಗಡಿಯವನು ಕೊಟ್ಟ, ಆದರೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

ಬಂದದ್ದು ಏನು ಎಂಬುದನ್ನು ಬರೆದಿಡಬೇಕು. ದೊಡ್ಡ ನೆನಪು ಯಾವುದೂ ಅಲ್ಲ. ಅಜ್ಜ ತೀರಿಕೊಂಡದ್ದಲ್ಲ, ಅತ್ತೆಯ ಮದುವೆಯಲ್ಲ. ಅಟ್ಟದ ಮೂಲೆಯಲ್ಲಿ ಇದ್ದ ಒಂದು ನೀಲಿ ಎನಾಮೆಲ್ ಮಗ್ಗು. ಅಂಚಿನಲ್ಲಿ ಎರಡು ಕಡೆ ಚಕ್ಕೆ ಎದ್ದಿತ್ತು. ಅದು ಅಲ್ಲಿ ಯಾಕಿತ್ತು, ಯಾರದು, ಆಗಲೂ ಗೊತ್ತಿರಲಿಲ್ಲ. ಅದರ ಹಿಂದೆಯೇ ದಲ್ಲಾಳಿ ಬಂದ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿ ಅಲ್ಲಾಡಿಸುತ್ತಿದ್ದ ಅವನ ರೀತಿ, ಸರಿಯಿಲ್ಲವೆನಿಸಿದಾಗ ಏನೂ ಹೇಳದೆ ಕಾಯಿಯನ್ನು ಎಡಕ್ಕೆ ಉರುಳಿಸುತ್ತಿದ್ದದ್ದು, ಅದು ಹಲಗೆಯ ಮೇಲೆ ಉರುಳುವ ಸದ್ದು. ಆಮೇಲೆ ಯಾವ ಎಳೆಯೂ ಇಲ್ಲ. ನಿಂತುಹೋಯಿತು.

ಒಳ್ಳೆಯ ಕೊಬ್ಬರಿಯ ಸಿಹಿ ಕಂಪು ಲ್ಯಾಕ್ಟೋನ್ ಎಂಬ ಅಣುಗಳದ್ದು. ಕಮಟು ಎಂದರೆ ಕೊಬ್ಬು ಮುರಿದು ಬಿಡಿ ಆಮ್ಲಗಳಾಗುವುದು, ಬೂಷ್ಟು ಹತ್ತಿದರೆ ಇನ್ನೂ ಕೆಲವು ಕೂಡಿಕೊಳ್ಳುತ್ತವೆ. ಒಳ್ಳೆಯ ವಾಸನೆಯನ್ನು ನಾನು ಕೈಬಿಡಲಿಲ್ಲ, ಅದು ಅಡುಗೆಮನೆಯಲ್ಲಿ ಉಳಿಯಿತು, ಅಟ್ಟವನ್ನು ಮರೆಯಿತು. ಕೆಟ್ಟದ್ದನ್ನು ಯಾರೂ ಮನೆಗೆ ತರುವುದಿಲ್ಲ. ಅದು ಅಟ್ಟದಲ್ಲೇ ಉಳಿದಿತ್ತು.

ಇದರಿಂದ ಏನಾದರೂ ನಿಯಮ ಕಟ್ಟಬಹುದೆ? ಪ್ರೀತಿಯಿಂದ ಕಾಪಾಡಿಕೊಂಡದ್ದು ನೆನಪಿನ ಕೆಲಸಕ್ಕೆ ಬರುವುದಿಲ್ಲ ಎಂದು? ಇಷ್ಟು ಬೇಗ ಬೇಡ.

*

ಅದೇ ಅಟ್ಟಕ್ಕೆ ಅಕ್ಕನ ಮಗಳು ಹತ್ತಿದ್ದಳು, ರಜಕ್ಕೆ ಬಂದಾಗ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದವಳು. ಮೇಲಿನಿಂದ ಕೂಗಿದಳು: ‘ಇಲ್ಲಿ ಬೀಚ್ ವಾಸನೆ ಬರ್ತಿದೆ!’

ದೊಡ್ಡಮ್ಮನಿಗೆ ಅರ್ಥವಾಗಲಿಲ್ಲ. ಘಟ್ಟ ಇಳಿಯದೆ ನಮಗೆ ಸಮುದ್ರವಿಲ್ಲ. ಆಮೇಲೆ ತಿಳಿಯಿತು. ಅವಳ ಸಮುದ್ರತೀರದಲ್ಲಿ ಮೈಗೆ ಹಚ್ಚುವ ಬಿಸಿಲಿನ ಲೋಷನ್ನಿಗೆ ತೆಂಗಿನ ಸುವಾಸನೆ ಸೇರಿಸುತ್ತಾರೆ. ಆ ಕಡೆ ಬೆಳೆದ ಅನೇಕರಿಗೆ ತೆಂಗು ಎಂದರೆ ಬೇಸಿಗೆ ರಜ, ಮರಳು, ಉಪ್ಪುನೀರು. ದೊಡ್ಡಮ್ಮ ‘ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋಗ್ತಾರಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

*

ಮೊದಲ ಮಳೆಯ ಮಣ್ಣಿನ ವಾಸನೆಯ ಬಗ್ಗೆ ಬರೆಯಬಾರದು ಎಂದುಕೊಂಡಿದ್ದೆ, ಎಲ್ಲರೂ ಬರೆದಿದ್ದಾರೆ. ಒಂದೇ ಮಾತು. ಅದರಲ್ಲಿ ದೊಡ್ಡ ಪಾಲು ಜಿಯೋಸ್ಮಿನ್ ಎಂಬ ಅಣುವಿನದು, ಮಣ್ಣಿನ ಬ್ಯಾಕ್ಟೀರಿಯಾ ಮಾಡುವಂಥದ್ದು. ಗಾಳಿಯಲ್ಲಿ ಎಷ್ಟು ಸೂಕ್ಷ್ಮ ಪ್ರಮಾಣದಲ್ಲಿದ್ದರೂ ನಮ್ಮ ಮೂಗು ಹಿಡಿಯುತ್ತದೆ. ಇದೇ ಅಣು ಕೆರೆನೀರಿನಲ್ಲಿ ಸೇರಿ ನಲ್ಲಿಯಲ್ಲಿ ಬಂದರೆ ‘ನೀರು ಮಣ್ಣು ವಾಸನೆ’ ಎಂದು ದೂರು ಕೊಡುತ್ತೇವೆ. ಬೀಟ್‌ರೂಟ್ ಒಲ್ಲದ ಮಕ್ಕಳು ದೂರುವುದೂ ಇದನ್ನೇ. ಕನ್ನೌಜಿನಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಹಂಡೆಯಲ್ಲಿ ಬೇಯಿಸಿ ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಅತ್ತರು ಮಾಡುತ್ತಾರೆ. ಒಬ್ಬರು ಉಡುಗೊರೆ ಕೊಟ್ಟರು. ಬಹಳ ಚೆನ್ನಾಗಿದೆ. ಕನ್ನೌಜಿನಲ್ಲಿ ಬಾಲ್ಯ ಕಳೆದವರಿಗೆ ಇನ್ನೂ ಚೆನ್ನಾಗಿರಬಹುದು.

*

ಪಂಪನ ಆ ಪದ್ಯ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಬನವಾಸಿಯನ್ನು ನೆನೆಯುವುದು. ಅವನು ಆಗ ಇದ್ದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ, ಇವತ್ತಿನ ತೆಲಂಗಾಣದಲ್ಲಿ. ಕಾವ್ಯದ ಕಾಲ 941ರ ಸುಮಾರು. ಏನೇನು ಆದರೆ ಬನವಾಸಿ ನೆನಪಾಗುತ್ತದೆ ಎಂದು ಪಟ್ಟಿ ಕೊಡುತ್ತಾನೆ. ಈಗ ಮತ್ತೆ ತೆಗೆದು ನೋಡಿದೆ. ದಕ್ಷಿಣದ ಗಾಳಿ ಮೈಗೆ ಸೋಕಬೇಕು. ಒಳ್ಳೆಯ ಮಾತು ಕೇಳಬೇಕು. ಹಾಡು ಕಿವಿಗೆ ಹೋಗಬೇಕು. ಅರಳಿದ ಮಲ್ಲಿಗೆಯನ್ನು ಕಾಣಬೇಕು.

ಕಾಣಬೇಕು! ಮಲ್ಲಿಗೆಯನ್ನು! ಚರ್ಮಕ್ಕೆ ಒಂದು ಪಾಲು, ಕಿವಿಗೆ ಎರಡು, ಕಣ್ಣಿಗೆ ಒಂದು ಕೊಟ್ಟು ಮೂಗನ್ನು ಬಿಟ್ಟಿದ್ದಾನೆ. ಛಂದಸ್ಸಿಗೆ ಬೇಕಾಗಿ ಹಾಗೆ ಬರೆದ ಎನ್ನಲು ಧೈರ್ಯ ಸಾಲದು, ಪಂಪನಿಗೆ ಪದಕ್ಕೆ ಬರವೇ? ಬಿರಿದ ಮಲ್ಲಿಗೆ ಎಂದ ಮೇಲೆ ಕಂಪು ತಾನಾಗಿ ಬಂತು ಎನ್ನಬಹುದು. ನನಗೆ ತೋರುವುದು ಬೇರೆ. ವೇಮುಲವಾಡದಲ್ಲೂ ಮಲ್ಲಿಗೆ ಇತ್ತು, ದಿನಾ ಸಂಜೆ ಇತ್ತು. ದಿನಾ ಮೂಸಿದ ಮಲ್ಲಿಗೆಯಿಂದ ಅವನಿಗೆ ಬನವಾಸಿ ಬರದೆ ಹೋಗಿರಬಹುದು. ವಿದ್ವಾಂಸರು ನಗುತ್ತಾರೆ, ನಗಲಿ.

*

ಈ ವಿಷಯ ಎತ್ತಿದರೆ ಸಾಕು, ಯಾರಾದರೊಬ್ಬರು ಪ್ರೂಸ್ಟ್ ಎನ್ನುತ್ತಾರೆ. ಚಹಾದಲ್ಲಿ ಅದ್ದಿದ ಮ್ಯಾಡಲೀನ್ ಕೇಕಿನ ತುಣುಕು ನಾಲಿಗೆಗೆ ತಗುಲಿದ್ದೇ ಇಡೀ ಊರು ಎದ್ದು ನಿಂತಿತು ಎಂದು. 1913ರಲ್ಲಿ ಬಂದ ಮೊದಲ ಸಂಪುಟದಲ್ಲಿದೆ. ಮೊದಲ ಕರಡುಗಳಲ್ಲಿ ಅದು ಮ್ಯಾಡಲೀನ್ ಅಲ್ಲ, ಬರೀ ಸುಟ್ಟ ಬ್ರೆಡ್ಡು. ಇರಲಿ. ಪುಟ ತೆಗೆದು ಓದಿದರೆ ಇಡೀ ಊರು ತಕ್ಷಣವೇನೂ ಎದ್ದು ನಿಲ್ಲುವುದಿಲ್ಲ. ಮೊದಲ ಗುಟುಕಿಗೆ ಕಾರಣ ತಿಳಿಯದ ಒಂದು ಸಂತೋಷ, ಅಷ್ಟೇ. ಎರಡನೆಯದರಲ್ಲಿ ಹೆಚ್ಚಿಗೆ ಏನೂ ಸಿಗುವುದಿಲ್ಲ, ಮೂರನೆಯದರಲ್ಲಿ ಇನ್ನೂ ಕಮ್ಮಿ. ಕುಡಿಯುವುದನ್ನು ನಿಲ್ಲಿಸಿ, ಮತ್ತೆ ಮತ್ತೆ ತಡಕಾಡಿದ ಮೇಲೆ ಎಲ್ಲೋ ಹೊಳೆಯುತ್ತದೆ. ಈ ಕೇಕುಗಳನ್ನು ಅಂಗಡಿಯ ತಟ್ಟೆಗಳಲ್ಲಿ ಎಷ್ಟೋ ಸಲ ನೋಡಿದ್ದರೂ ತಿಂದಿರಲಿಲ್ಲ ಎಂದೂ ನಿರೂಪಕ ಹೇಳುತ್ತಾನೆ. ಈ ಒಂದು ಸಾಲನ್ನು ಯಾರೂ ಎತ್ತಿ ಹೇಳುವುದಿಲ್ಲ. ಅವನು ಪ್ಯಾರಿಸಿನಲ್ಲಿ ದಿನಾ ಸಂಜೆ ಮ್ಯಾಡಲೀನ್ ತಿನ್ನುವವನಾಗಿದ್ದರೆ?

*

ಸದ್ದಿನ ವಿಚಾರ ಬೇರೆ, ಅದನ್ನು ಬೇರೆಯಾಗಿಯೇ ಬರೆಯಬೇಕು. ಬೇಕೆಂದಾಗ ಕರೆಯಬಹುದಾದ್ದು ಸದ್ದು. ಈಗ ಕೂತಲ್ಲೇ ಆಕಾಶವಾಣಿಯ ಬೆಳಗಿನ ರಾಗವನ್ನು ತಲೆಯೊಳಗೆ ನುಡಿಸಿಕೊಳ್ಳಬಲ್ಲೆ, ತಂಬೂರಿ ಸಮೇತ. ಕೊಬ್ಬರಿಯ ಕಮಟನ್ನು ಹಾಗೆ ಕರೆಯಲು ಆಗುತ್ತಿಲ್ಲ. ಅದು ಹೇಗಿತ್ತು ಎಂದು ವಿವರಿಸಬಲ್ಲೆ, ಮೂಗಿಗೆ ಬರುವುದಿಲ್ಲ.

ಆ ರಾಗ ವಾಲ್ಟರ್ ಕೌಫ್‌ಮನ್ ಅವರದು ಎನ್ನುತ್ತಾರೆ. ಈಗಿನ ಚೆಕ್ ದೇಶದ ಕಾರ್ಲ್ಸ್‌ಬಾಡಿನಲ್ಲಿ 1907ರಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಲದಲ್ಲಿ, 1934ರಲ್ಲಿ, ಮುಂಬಯಿಗೆ ಬಂದವರು, ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಂಡವರು. ಶಿವರಂಜಿನಿಯ ಛಾಯೆ, ತಂಬೂರಿಯ ಮೇಲೆ ಪಿಟೀಲು. 1946ರಲ್ಲಿ ದೇಶ ಬಿಟ್ಟರು, ಮುಂದೆ ಕೆನಡಾ, ಆಮೇಲೆ ಅಮೆರಿಕ. ನಮ್ಮ ಎಷ್ಟು ಕೋಟಿ ಜನರ ಬೆಳಗಿನ ಜಾವವನ್ನು ಅವರು ಕಟ್ಟಿಕೊಟ್ಟರು! ಅವರು ಮುಂಬಯಿಗೆ ಬಂದ ಮರುವರ್ಷ, 1935ರಲ್ಲಿ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು, ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟರು. ನೆನಪು ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ ಹೇಳಿ ಮನೆಗೆ ಬಂದು, ನೆನಪಾಗಿ ಉಳಿಯುವ ಸದ್ದನ್ನು ಗಾಳಿಗೆ ಬಿಡುತ್ತಿದ್ದರು ಎಂದು ಯೋಚಿಸಲು ನನಗೆ ಇಷ್ಟ.

ಮೊದಲು ಫೋನಿನಲ್ಲಿ ಆ ರಾಗ ಕೇಳಿದಾಗ ಮೈ ಜುಮ್ಮೆಂದಿತ್ತು. ಮತ್ತೆ ಹಾಕಿದೆ, ಮತ್ತೆ ಹಾಕಿದೆ. ನೆಂಟರಿಗೆಲ್ಲ ಕಳಿಸಿದೆ, ಅವರೂ ಕಳಿಸಿದರು. ಒಬ್ಬರು ರಿಂಗ್‌ಟೋನ್ ಮಾಡಿಕೊಂಡರು. ಈಗ ಅದೊಂದು ಸೊಗಸಾದ ರಾಗ, ಅಷ್ಟೇ. ಕೇಳಿದರೆ ನೆಂಟರ ಫೋನು ನೆನಪಾಗುತ್ತದೆ.

ಆದರೆ ಮೊನ್ನೆ ರಿಪೇರಿ ಅಂಗಡಿಯಲ್ಲಿ ಹಳೆಯ ವಾಲ್ವ್ ರೇಡಿಯೋ ಒಂದನ್ನು ಹಾಕಿ ನೋಡುತ್ತಿದ್ದರು. ಮುಳ್ಳು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹೋಗುವಾಗ ಬರುವ ಕೊರಕೊರ, ನಡುವೆ ಸಿಳ್ಳೆಯಂಥ ಒಂದು ಏರಿಳಿತ. ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಅಪ್ಪನ ಕೈಬೆರಳು, ಗುಂಡಿ ತಿರುಗಿಸುವುದು, ‘ಶ್’ ಎಂದು ನಮ್ಮನ್ನು ಸುಮ್ಮನಿರಿಸುವುದು, ದೆಹಲಿಯ ಕನ್ನಡ ವಾರ್ತೆ ಸಿಗುವ ಮುಂಚಿನ ಆ ಆತಂಕ. ಸಂಗೀತವನ್ನು ಎಲ್ಲರೂ ಎತ್ತಿಟ್ಟುಕೊಂಡರು. ಕೊರಕೊರವನ್ನು ಯಾರೂ ರಿಂಗ್‌ಟೋನ್ ಮಾಡಿಕೊಂಡಿಲ್ಲ.

*

ಕಾಪಾಡಿಕೊಂಡದ್ದು ನೆನಪು ತರುವುದಿಲ್ಲ ಎಂಬ ಮಾತಿಗೆ ಎದುರಾಗಿ ನಿಲ್ಲುವ ಒಂದು ಸಂಗತಿ. ಕಾಲೇಜು ಹುಡುಗನೊಬ್ಬ ಬಸ್ಸಿನಲ್ಲಿ ‘ಕಸ್ತೂರಿ ನಿವಾಸ’ದ ಹಾಡು ಗುನುಗುತ್ತಿದ್ದ. ಚಿತ್ರ 1971ರದ್ದು. ಅವನಪ್ಪನೇ ಆಗ ಹುಟ್ಟಿದ್ದನೋ ಇಲ್ಲವೋ. ಕೇಳಿದೆ. ‘ಕಾರಲ್ಲಿ ಊರಿಗೆ ಹೋಗೋವಾಗ ಅಪ್ಪ ಹಾಕ್ತಿದ್ರು ಸಾರ್, ಇದು ಬಂದ್ರೆ ಶಿರಾಡಿ ಘಾಟಿ ನೆನಪಾಗುತ್ತೆ, ವಾಂತಿ ಬಂದಂಗೆ ಆಗುತ್ತೆ’ ಎಂದ. ವಾಂತಿಯ ವಿಷಯವನ್ನು ಅವನು ಬಹಳ ಪ್ರೀತಿಯಿಂದಲೇ ಹೇಳಿದ್ದು.

ಅಮೆರಿಕದ ಕಾರ್ನೆಲ್‌ನಲ್ಲಿ ಕ್ಯಾರೊಲ್ ಕ್ರುಮ್‌ಹಾನ್ಸ್ಲ್ ಮತ್ತು ಸಂಗಡಿಗರೊಬ್ಬರು 2013ರಲ್ಲಿ ಕಂಡದ್ದೂ ಇದೇ ಜಾತಿಯದು. ಇಪ್ಪತ್ತರ ಹರೆಯದವರಿಗೆ ಹಳೆಯ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದವು ಮಾತ್ರವಲ್ಲ, ತಂದೆತಾಯಿಗಳು ಹರೆಯದಲ್ಲಿದ್ದಾಗ ಬಂದ ಹಾಡುಗಳಿಗೂ ನೆನಪುಗಳು ಅಂಟಿಕೊಂಡಿದ್ದವು. ಅದಕ್ಕೂ ಹಿಂದಿನ 60ರ ದಶಕದ ಹಾಡುಗಳದ್ದೂ ಒಂದು ಸಣ್ಣ ದಿಬ್ಬ ಕಾಣಿಸಿತು. ಹಾಡಿನ ವಿಷಯದಲ್ಲಿ ಒಬ್ಬರ ಬಾಲ್ಯ ಇನ್ನೊಬ್ಬರದಕ್ಕೆ ಹರಿದುಬರುತ್ತದೆ. ವಾಸನೆಯಲ್ಲಿ ಹಾಗಾಗುತ್ತದೆಯೇ? ಅಪ್ಪನಿಗೆ ಪ್ರಿಯವಾದ ನಶ್ಯದ ವಾಸನೆ ನನಗೆ ಅಪ್ಪನನ್ನು ತರುತ್ತದೆ. ಅಪ್ಪನಿಗೆ ಅದು ಯಾರನ್ನು ತರುತ್ತಿತ್ತೋ ಅವರನ್ನಲ್ಲ.

*

ಬಾಣಂತಿ ಕೋಣೆ. ಸಾಂಬ್ರಾಣಿ ಹೊಗೆ, ಹರಳೆಣ್ಣೆ, ತೇಯ್ದ ಬಜೆ, ಓಮ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಈ ವಾಸನೆಗಳು ಒಟ್ಟಿಗೆ ಬಂದರೆ ಗಂಡಸರೂ ಮೆತ್ತಗಾಗುವುದನ್ನು ನೋಡಿದ್ದೇನೆ. ತಮ್ಮ ತಂಗಿಯರು ಹುಟ್ಟಿದಾಗಿನ ನೆನಪು ಎನ್ನಬಹುದು. ಮನೆಗೆ ಒಬ್ಬನೇ ಮಗನಾದ ಸಹೋದ್ಯೋಗಿಯೊಬ್ಬರು ‘ನನಗೂ ಆಗುತ್ತದೆ, ಯಾಕೆಂದು ಗೊತ್ತಿಲ್ಲ’ ಎಂದರು. ತೊಟ್ಟಿಲಲ್ಲಿದ್ದಾಗಿನದು ಯಾರಿಗೆ ನೆನಪಿರುತ್ತದೆ? ಮೂರು ವರ್ಷಕ್ಕಿ​ಂತ ಹಿಂದಿನದು ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ.

ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದಲ್ಲಿ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಶಾಂ 1991ರಲ್ಲಿ ಹಾಲೂಡಿಸುವ ತಾಯಂದಿರಿಗೆ ಬೆಳ್ಳುಳ್ಳಿಯ ಗುಳಿಗೆ ಕೊಟ್ಟು ನೋಡಿದರು. ಎರಡು ಗಂಟೆ ಕಳೆಯುವ ಹೊತ್ತಿಗೆ ಹಾಲಿನ ವಾಸನೆ ಬದಲಾಯಿತು. ಮಕ್ಕಳು ಮುಖ ತಿರುಗಿಸಲಿಲ್ಲ, ಇನ್ನೂ ಹೆಚ್ಚು ಹೊತ್ತು ಮೊಲೆ ಕಚ್ಚಿದ್ದರು. 2001ರಲ್ಲಿ ಇನ್ನೊಂದು: ಬಸುರಿಯರು ಕ್ಯಾರೆಟ್ ರಸ ಕುಡಿದಿದ್ದರೆ ಅವರ ಮಕ್ಕಳು ಮುಂದೆ ಕ್ಯಾರೆಟ್ ಬೆರೆಸಿದ ಊಟಕ್ಕೆ ಮುಖ ಸಿಂಡರಿಸುವುದು ಕಮ್ಮಿ. ನಮ್ಮ ಕಡೆ ಬಾಣಂತಿಗೆ ಬೆಳ್ಳುಳ್ಳಿ ಕೊಡುವುದು ಹಾಲು ಹೆಚ್ಚಲಿ ಎಂದು. ಮಗು ಸಾರಿಗೆ ಒಗ್ಗಲಿ ಎಂದು ಯಾವ ಅಜ್ಜಿಯೂ ಹೇಳಿದ್ದು ನಾನು ಕೇಳಿಲ್ಲ.

ಜರ್ಮನಿಯಿಂದ ಬಂದದ್ದು ಇನ್ನೂ ವಿಚಿತ್ರ. ಅಲ್ಲಿ ಹಿಂದೆ ಬಾಟಲಿ ಮಕ್ಕಳ ಹಾಲುಪುಡಿಗೆ ವೆನಿಲ್ಲಾ ಸುವಾಸನೆ ಹಾಕುತ್ತಿದ್ದರು. 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದೊಡ್ಡವರಿಗೆ ಎರಡು ಬಗೆ ಟೊಮೇಟೊ ಕೆಚಪ್ ಕೊಟ್ಟರು, ಒಂದಕ್ಕೆ ಗುಟ್ಟಾಗಿ ಒಂದಿಷ್ಟು ವೆನಿಲಿನ್ ಬೆರೆಸಿ. ತಾಯಿಹಾಲು ಕುಡಿದು ಬೆಳೆದವರಲ್ಲಿ ಹೆಚ್ಚಿನವರು ಬೆರೆಸದ್ದನ್ನು ಆರಿಸಿದರು. ಬಾಟಲಿಯಲ್ಲಿ ಬೆಳೆದವರಲ್ಲಿ ಹೆಚ್ಚಿನವರು ವೆನಿಲ್ಲಾ ಇದ್ದದ್ದನ್ನು. ಅವರಿಗೆ ಏನೂ ನೆನಪಾಗಲಿಲ್ಲ. ತೊಟ್ಟಿಲು ಕಾಣಲಿಲ್ಲ, ತಾಯಿ ಕಾಣಲಿಲ್ಲ. ‘ಇದು ರುಚಿಯಾಗಿದೆ’ ಎನಿಸಿತು, ಅಷ್ಟೇ. ಬಾಲ್ಯ ಬಂದು ಕೆಚಪ್ ನೆಕ್ಕಿ ಹೋಯಿತು, ಯಾರ ಗಮನಕ್ಕೂ ಬಾರದೆ.

ಹಾಗಿದ್ದರೆ ಕಾಫಿಯ ಮೇಲೆ ನಾನು ಹೊರಿಸಿದ ಆರೋಪವನ್ನು ಸ್ವಲ್ಪ ಸಡಿಲಿಸಬೇಕು. ಅದು ಏಳು ವರ್ಷದ ಹುಡುಗನನ್ನು ತೋರಿಸುವುದಿಲ್ಲ, ನಿಜ. ಆದರೆ ಚಿಕೋರಿ ಇಲ್ಲದ ಕಾಫಿ ಕೊಟ್ಟರೆ ‘ಇದು ಕಾಫಿಯೇ ಅಲ್ಲ’ ಎಂದು ಜಗಳಕ್ಕೆ ನಿಲ್ಲುವವನು ಯಾರು?

*

ಸೀಮೆಎಣ್ಣೆ. ರೇಷನ್ ಅಂಗಡಿಯ ಸಾಲು, ಕೊಳವೆ, ಕೈಗೆ ಮೆತ್ತಿಕೊಂಡ ತಣ್ಣನೆಯ ಪಸೆ, ಪಂಪ್ ಸ್ಟೌವಿನ ಭುಸ್. ಈಗ ಗ್ಯಾಸು ಬಂದು ಸೀಮೆಎಣ್ಣೆ ಪೇಟೆಯ ಮನೆಗಳಿಂದ ಪೂರ್ತಿ ಹೋಗಿದೆ. ಒಮ್ಮೆ ಯಾರೋ ಪೇಂಟಿನ ಬ್ರಷ್ ತೊಳೆಯಲು ಅದನ್ನು ತಂದಿದ್ದರು. ಐವತ್ತು ದಾಟಿದವರೆಲ್ಲ ಒಬ್ಬೊಬ್ಬರಾಗಿ ವರಾಂಡಕ್ಕೆ ಬಂದರು, ಏನೋ ಕೆಲಸವಿದ್ದವರ ಹಾಗೆ.

*

ವಾಸನೆ ತಂದ ನೆನಪು ನಿಜವಾದ ನೆನಪೇ? ರೇಚೆಲ್ ಹರ್ಟ್ಸ್ ಎಂಬ ಮನಶ್ಶಾಸ್ತ್ರಜ್ಞೆಯ ಪ್ರಯೋಗಗಳ ಪ್ರಕಾರ ಅದರಲ್ಲಿ ಭಾವ ಹೆಚ್ಚು, ಅಲ್ಲಿಗೇ ವಾಪಸು ಹೋದಂತೆ ಅನಿಸುವುದು ಹೆಚ್ಚು. ಆದರೆ ಚಿತ್ರವೋ ಪದವೋ ತಂದ ನೆನಪಿಗಿಂತ ಅದು ಹೆಚ್ಚು ಕರಾರುವಾಕ್ಕು ಎಂದೇನಿಲ್ಲ.

ಅಜ್ಜಿಯ ಟ್ರಂಕಿನ ಬಗ್ಗೆ ಅಕ್ಕನಿಗೂ ನನಗೂ ವ್ಯಾಜ್ಯವಿದೆ. ನನ್ನ ಪ್ರಕಾರ ಅದರಲ್ಲಿ ನುಸಿಗುಳಿಗೆ ವಾಸನೆ. ಎಲ್ಲೇ ನುಸಿಗುಳಿಗೆ ಮೂಸಿದರೂ ನನಗೆ ಆ ಟ್ರಂಕು, ಅದರ ಮುಚ್ಚಳದ ಒಳಗೆ ಅಂಟಿಸಿದ್ದ ದೇವರ ಪಟ, ಮಡಿಸೀರೆಯ ಅಂಚು ಎಲ್ಲ ಬರುತ್ತವೆ. ಅಕ್ಕ ಒಪ್ಪುವುದಿಲ್ಲ. ಅಜ್ಜಿ ಆ ಗುಳಿಗೆಯನ್ನು ಮನೆಯೊಳಗೇ ಬಿಡುತ್ತಿರಲಿಲ್ಲ, ಸೀರೆ ಮಡಿಕೆಯಲ್ಲಿ ಇಡುತ್ತಿದ್ದದ್ದು ಒಣಗಿದ ಕೇದಗೆ ಎನ್ನುತ್ತಾಳೆ. ಅವಳಿಗೆ ಕೇದಗೆ ಮೂಸಿದರೆ ಅದೇ ಟ್ರಂಕು, ಅದೇ ಪಟ, ಅದೇ ಅಂಚು ಬರುತ್ತವಂತೆ. ಟ್ರಂಕು ಗುಜರಿಗೆ ಹೋಗಿದೆ.

*

ಗೆಳೆಯರೊಬ್ಬರಿಗೆ 2021ರಲ್ಲಿ ಕೋವಿಡ್ ಬಂದಾಗ ಮೂಗು ಹೋಯಿತು. ತಿಂಗಳುಗಳ ಮೇಲೆ ಒಂದಿಷ್ಟು ಬಂದದ್ದು ತಿರುಚಿಕೊಂಡು ಬಂತು. ಕಾಫಿ ಸುಟ್ಟ ರಬ್ಬರಿನ ಹಾಗೆ ನಾರುತ್ತಿತ್ತಂತೆ. ಇಂಥದ್ದು ಅನೇಕರಿಗೆ ಆಗಿದೆ. ಆಮೇಲೆ ಅದೂ ನಿಂತಿತು. ಈಗ ಏನೂ ಇಲ್ಲ. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತದೆ. ಖಾರವೂ ತಿಳಿಯುತ್ತದೆ, ಅದು ರುಚಿಯಲ್ಲ, ಉರಿ, ಬೇರೆ ನರದ ಕೆಲಸ. ಆದರೆ ಕಣ್ಣು ಮುಚ್ಚಿ ತಿಂದರೆ ತಿಳಿಸಾರೂ ಹುಳಿಯೂ ಒಂದೇ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ ಎಂದು ಓದಿದ್ದೆ. ಅವರ ಜೊತೆ ಊಟಕ್ಕೆ ಕೂತ ಮೇಲೆ ಓದಿದ್ದು ಅರ್ಥವಾಯಿತು. ಮೂರು ಸಲ ಮೊಸರು ಬಡಿಸಿಕೊಂಡರು, ಅದರ ತಂಪಾದರೂ ತಿಳಿಯುತ್ತದೆ ಎಂದು.

ನೆನಪುಗಳು? ಕೇಳಲು ಸಂಕೋಚವಿತ್ತು, ಅವರೇ ಹೇಳಿದರು. ‘ಊರಿಗೆ ಹೋದೆ. ಮನೆ ಇದೆ, ಹಟ್ಟಿ ಇದೆ, ಎಲ್ಲ ಇದೆ. ಫೋಟೋ ನೋಡಿದ ಹಾಗೆ ಆಯಿತು.’

ಕಳೆದ ವಾರ ಅವರ ಮನೆಯ ಹಾಲಿನಲ್ಲಿ ಮಾತಾಡುತ್ತ ಕೂತಿದ್ದೆವು. ಒಳಗೆ ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯಿತು. ಮಾತು ನಿಲ್ಲಿಸಿ ಮೂಗೆತ್ತಿದರು. ‘ಇಂಗು ಜಾಸ್ತಿ ಆಯ್ತು’ ಎಂದು ಒಳಕ್ಕೆ ಕೂಗಿದರು.

‘ಇಂಗು ಹಾಕೇ ಇಲ್ಲ. ತೀರಿ ವಾರ ಆಯ್ತು’ ಎಂದು ಒಳಗಿನಿಂದ ಉತ್ತರ.

‘ಬರ್ತಾ ಇದೆ ಕಣೇ. ನಮ್ಮಮ್ಮ ಹಾಕ್ತಿದ್ದಷ್ಟು ಬರ್ತಾ ಇದೆ.’

ಹೆಂಡತಿ ಹೊರಗೆ ಬಂದರು. ನಂಬದ ಗಂಡನಿಗೆ ಖಾಲಿ ಡಬ್ಬಿಯನ್ನೇ ತಂದು ಕೈಗೆ ಕೊಟ್ಟರು. ಅವರು ಮುಚ್ಚಳ ತೆಗೆದು ಆಳವಾಗಿ ಮೂಸಿದರು. ಇನ್ನೊಂದು ಸಲ ಮೂಸಿದರು. ‘ಇದರಲ್ಲಿ ಏನೂ ಇಲ್ಲ ಬಿಡು’ ಎಂದು ಡಬ್ಬಿಯನ್ನು ನನ್ನ ಕಡೆ ಚಾಚಿದರು.

ತಳ ಕಾಣುವ ಡಬ್ಬಿ. ಇಂಗು ಗಮ್ಮೆಂದು ಹೊಡೆಯುತ್ತಿತ್ತು.